ಚಿತ್ರದಲ್ಲಿನ ದೊಡ್ಡ ಮೀನು: ನಂಬುವ ಮೊದಲು ಅಳೆಯಿರಿ

(ಕೃಷಿ ಹೊಂಡಗಳಲ್ಲಿ ಮೀನು ಸಾಕಣೆ ಕುರಿತ ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಭತ್ತ, ರಾಗಿ, ಮುಸುಕಿನ ಜೋಳಗಳ ನಡುವೆ ಇಪ್ಪತ್ತು ವರ್ಷ ಕಳೆದವನು. ಮೀನಿನ ವಿಷಯ ಮಾತನಾಡಲು ಇವನಿಗೇನು ಅಧಿಕಾರವೆಂದು ತಾವು ಕೇಳಬಹುದು. ಮೀನು ಸಾಕುವುದನ್ನು ಹೇಳಿಕೊಡಲು ಮೀನುಗಾರಿಕೆಯ ತಜ್ಞರು ಇಲ್ಲಿದ್ದಾರೆ. ನನಗೆ ಕೊಟ್ಟಿರುವ ವಿಷಯ ಬೇರೆ. ದೊಡ್ಡ ಮೀನೊಂದನ್ನು ಎತ್ತಿ ಹಿಡಿದ ಫೋಟೋ ನಮ್ಮ ಕೈಗೆ ಬಂದಾಗ ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ಹೇಗೆ ಎಂಬುದೇ ಆ ವಿಷಯ. ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ಮನೆಯವರ ನಷ್ಟದಿಂದ ಕಲಿತೆ. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಮ್ಮ ಮನೆಯಲ್ಲಿ ನಡೆದದ್ದು

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಅಕ್ಕನ ಯಜಮಾನರಿಗೆ ತೋಟದ ಕೆಳಗೆ ಹತ್ತು ಗುಂಟೆಯ ಒಂದು ಹೊಂಡವಿದೆ. ಒಂದು ದಿನ ಅವರ ಮೊಬೈಲಿಗೆ ಒಂದು ಚಿತ್ರ ಬಂತು. ಒಬ್ಬ ವ್ಯಕ್ತಿ ನಗುತ್ತಾ ಭಾರಿ ಗಾತ್ರದ ಕಾಟ್ಲಾ ಮೀನನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತಿದ್ದ. ಕೆಳಗೆ ‘ವಿಶೇಷ ತಳಿ, ಆರು ತಿಂಗಳಿಗೆ 12 ಕಿಲೋ’ ಎಂಬ ಬರಹ. ಮರಿಯೊಂದಕ್ಕೆ ಬೆಲೆ 15 ರೂಪಾಯಿ. ಭಾವ ನನಗೆ ಫೋನ್ ಮಾಡಿ, ‘ಏನಪ್ಪಾ, ನೀನು ಓದಿದವನು. ಈ ಫೋಟೋ ನಿಜವೋ ಇಲ್ಲಾ ಏನಾದರೂ ಅಂಟಿಸಿ ಮಾಡಿದ್ದೋ, ಸ್ವಲ್ಪ ನೋಡಿ ಹೇಳು’ ಎಂದರು.

ನಾನು ಯಾವುದೋ ಸಭೆಗೆ ಹೊರಟಿದ್ದೆ. ಚಿತ್ರವನ್ನು ಅರ್ಧ ನಿಮಿಷ ನೋಡಿದೆ. ಅಂಟಿಸಿದ ಗುರುತು ಕಾಣಲಿಲ್ಲ. ‘ಫೋಟೋ ನಿಜವೇ ಭಾವ, ಕೈಚಳಕವೇನೂ ಇದ್ದಂತಿಲ್ಲ’ ಎಂದುಬಿಟ್ಟೆ.

ಅವರು ಸಾವಿರ ಮರಿ ತಂದರು. ಮಾರಿದವರೇ ಕೊಟ್ಟ ಆಹಾರ, ಮೇಲೆ ಹಿಂಡಿ, ತೌಡು ಎಲ್ಲ ಸೇರಿ 55,000 ರೂಪಾಯಿ ಖರ್ಚು. ಅದಕ್ಕಾಗಿ ಅಕ್ಕನ ಬಳೆ ಅಡವಿಗೆ ಹೋಯಿತು. ಆರು ತಿಂಗಳಾಯಿತು, ಮೀನು ಬೆಳೆಯಲಿಲ್ಲವೆಂದು ಇನ್ನೂ ನಾಲ್ಕು ತಿಂಗಳು ಕಾದರು. ಬಲೆ ಎಳೆದಾಗ ಸಿಕ್ಕಿದ್ದು ನಾನೂರ ಚಿಲ್ಲರೆ ಮೀನು, ಸರಾಸರಿ 600 ಗ್ರಾಂ, ಒಟ್ಟು 250 ಕಿಲೋ. ಕೈಗೆ ಬಂದದ್ದು 27,500 ರೂಪಾಯಿ. ಹಾಕಿದ ಹಣದಲ್ಲಿ ಸರಿಯಾಗಿ ಅರ್ಧ.

ಭಾವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಕ್ಕ ಮಾತ್ರ, ‘ಗೊತ್ತಿಲ್ಲ ಅಂದಿದ್ದರೆ ಆಗುತ್ತಿತ್ತಲ್ಲೋ’ ಎಂದಳು. ಅಂದು ರಾತ್ರಿ ಅದೇ ಚಿತ್ರವನ್ನು ಮುಂದಿಟ್ಟುಕೊಂಡು ಅಡಿಪಟ್ಟಿ ಹಿಡಿದು ಕುಳಿತೆ. ಆಗ ತಿಳಿದದ್ದನ್ನೇ ಇಂದು ತಮ್ಮ ಮುಂದಿಡುತ್ತಿದ್ದೇನೆ.

ಇದು ಹೊಸ ರೋಗವಲ್ಲ

ಮೊಬೈಲು ಬಂದ ಮೇಲೆಯೇ ಸುಳ್ಳು ಚಿತ್ರಗಳು ಹುಟ್ಟಿದವೆಂದು ಭಾವಿಸಬೇಕಾಗಿಲ್ಲ. ಅಮೆರಿಕದ ಕ್ಯಾನ್ಸಾಸ್ ರಾಜ್ಯದಲ್ಲಿ ವಿಲಿಯಂ ಮಾರ್ಟಿನ್ ಎಂಬ ಛಾಯಾಗ್ರಾಹಕ ಸುಮಾರು 1908ರಿಂದ ಇಂತಹ ಚಿತ್ರಗಳ ಅಂಚೆ ಕಾರ್ಡುಗಳನ್ನೇ ಮಾಡಿ ಮಾರುತ್ತಿದ್ದ. ಗಾಡಿ ತುಂಬುವಂತಹ ಒಂದೇ ಜೋಳದ ತೆನೆ, ಮನುಷ್ಯನಿಗಿಂತ ದೊಡ್ಡ ಮೀನು ಇತ್ಯಾದಿ. ದೊಡ್ಡದು ಮಾಡಿದ ಚಿತ್ರವನ್ನು ಕತ್ತರಿಸಿ, ಇನ್ನೊಂದರ ಮೇಲೆ ಅಂಟಿಸಿ, ಮತ್ತೆ ಫೋಟೋ ತೆಗೆಯುವುದು ಅವನ ಕ್ರಮ. ಅದು ನಗುವುದಕ್ಕಾಗಿ ಮಾಡಿದ್ದು, ಯಾರೂ ಮೋಸ ಹೋಗಲಿಲ್ಲ.

ನಮ್ಮ ಶಾಸ್ತ್ರಕ್ಕೆ ಸೇರಿದ ಇನ್ನೊಂದು ಉದಾಹರಣೆ ನಗುವಂತಹುದಲ್ಲ. 1958ರಲ್ಲಿ ಚೀನಾದ ಪತ್ರಿಕೆಯಲ್ಲಿ ಒಂದು ಭತ್ತದ ಗದ್ದೆಯ ಚಿತ್ರ ಬಂತು. ಪೈರು ಎಷ್ಟು ಒತ್ತಾಗಿದೆಯೆಂದರೆ ಅದರ ಮೇಲೆಯೇ ಮಕ್ಕಳು ನಿಂತಿದ್ದಾರೆ! ಅಲ್ಲಿ ಅಂಟಿಸಿದ್ದು ಏನೂ ಇರಲಿಲ್ಲ. ಆದರೆ ಬೇರೆ ಬೇರೆ ಗದ್ದೆಗಳ ಬೆಳೆದ ಪೈರನ್ನು ಕಿತ್ತು ತಂದು ಒಂದೇ ತಾಕಿನಲ್ಲಿ ಒತ್ತಿ ನೆಟ್ಟು ಇಂತಹ ದಾಖಲೆಯ ಇಳುವರಿಗಳನ್ನು ತೋರಿಸಲಾಗುತ್ತಿತ್ತು. ಅಂತಹ ಹುಸಿ ಲೆಕ್ಕಗಳನ್ನು ನಂಬಿ ಸರ್ಕಾರ ಹಳ್ಳಿಗಳಿಂದ ಧಾನ್ಯ ಎತ್ತಿತು. ಮುಂದಿನ ವರ್ಷಗಳ ಭೀಕರ ಕ್ಷಾಮಕ್ಕೆ ಅದೂ ಒಂದು ಕಾರಣವಾಯಿತು. ಕ್ಯಾಮರಾ ತನ್ನ ಮುಂದೆ ಇದ್ದುದನ್ನು ತೋರಿಸುತ್ತದೆ. ಅದು ಅಲ್ಲಿಗೆ ಹೇಗೆ ಬಂತೆಂದು ಹೇಳುವುದಿಲ್ಲ.

ಕ್ಯಾಮರಾ ಮೀನನ್ನು ಬೆಳೆಸುವ ಬಗೆ

ಹತ್ತಿರದ ವಸ್ತು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದು ಎಲ್ಲರಿಗೂ ಗೊತ್ತು. ಇದರ ಲೆಕ್ಕ ಸುಲಭ. ಕ್ಯಾಮರಾದಿಂದ ಮನುಷ್ಯನ ಮುಖ 7 ಅಡಿ ದೂರವಿದೆ ಎನ್ನೋಣ. ಅವನು ಕೈ ಚಾಚಿ ಮೀನನ್ನು 2 ಅಡಿ ಮುಂದೆ ಹಿಡಿದರೆ ಮೀನು ಕ್ಯಾಮರಾಕ್ಕೆ 5 ಅಡಿಯಲ್ಲಿರುತ್ತದೆ. ಏಳನ್ನು ಐದರಿಂದ ಭಾಗಿಸಿದರೆ 1.4. ಅಂದರೆ ಅವನ ಮೈಗೆ ಹೋಲಿಸಿದಾಗ ಮೀನು ಇರುವುದಕ್ಕಿಂತ 1.4 ಪಟ್ಟು ಉದ್ದವಾಗಿ ಕಾಣುತ್ತದೆ.

ಇಷ್ಟೇ ತಾನೇ ಎನ್ನಬೇಡಿ. ಉದ್ದದಂತೆ ಎತ್ತರವೂ ದಪ್ಪವೂ ಕಣ್ಣಿಗೆ ಅಷ್ಟೇ ಪಟ್ಟು ಹೆಚ್ಚುತ್ತವೆ. ತೂಕವು ಈ ಮೂರರ ಗುಣಲಬ್ಧದಂತೆ ಏರುತ್ತದೆ. 1.4ನ್ನು ಮೂರು ಸಲ ಗುಣಿಸಿದರೆ ಸುಮಾರು 2.7. ಹೀಗೆ ನಾಲ್ಕೂವರೆ ಕಿಲೋ ಮೀನು ನೋಡುವವನ ಕಣ್ಣಿಗೆ 12 ಕಿಲೋ ಆಗುತ್ತದೆ. ಯಾವ ಅಂಟು ಕತ್ತರಿಯೂ ಬೇಕಿಲ್ಲ, ತೋಳು ಚಾಚಿದರೆ ಸಾಕು. ಅದೇ ಮನುಷ್ಯ ಅದೇ ಮೀನನ್ನು ಹಾಗೆಯೇ ಹಿಡಿದಿರುವಾಗ 20 ಅಡಿ ದೂರದಿಂದ ಚಿತ್ರ ತೆಗೆದರೆ 20ಕ್ಕೆ 18, ಅಂದರೆ 1.1 ಪಟ್ಟು ಮಾತ್ರ. ಹತ್ತಿರ ನಿಂತು ತೆಗೆದ ಚಿತ್ರದಲ್ಲಿ ಮೋಸಕ್ಕೆ ಹೆಚ್ಚು ಎಡೆಯಿದೆ.

ಪರೀಕ್ಷೆಯ ಕ್ರಮಗಳು

1. ಮುಖ ಮತ್ತು ಬೆರಳುಗಳನ್ನು ಅಳೆಯಿರಿ: ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಗಂಡಸಿನ ಮುಖವು ಗಲ್ಲದಿಂದ ಕೂದಲಿನ ಅಂಚಿನವರೆಗೆ ಸುಮಾರು 18 ಸೆಂ.ಮೀ. ಇರುತ್ತದೆ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳುಗಳನ್ನು ಜೋಡಿಸಿದಾಗ ಅಗಲ ಸುಮಾರು 8 ಸೆಂ.ಮೀ. ಅಂದರೆ ನಾಲ್ಕು ಬೆರಳಿನ ಅಗಲ ಮುಖದ ಉದ್ದದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಮನೆಗೆ ಹೋದ ಮೇಲೆ ತಮ್ಮ ಮುಖ, ಕೈಗಳನ್ನೇ ಅಳೆದು ನೋಡಿ. ಮೀನನ್ನು ಹಿಡಿದ ಕೈ ಮೀನಿನಷ್ಟೇ ದೂರದಲ್ಲಿರುತ್ತದೆ. ಆದುದರಿಂದ ಮೀನು ಎಷ್ಟು ಉಬ್ಬಿದೆಯೋ ಕೈಯೂ ಅಷ್ಟೇ ಉಬ್ಬಿರಬೇಕು. ಕೈ ಮೀನಿನ ಪರವಾಗಿ ಸುಳ್ಳು ಹೇಳಲಾರದು.

ಭಾವನಿಗೆ ಬಂದ ಚಿತ್ರದಲ್ಲಿ ಮುಖ 18 ಮಿ.ಮೀ. ಇತ್ತು. ಹಾಗಾದರೆ ನಾಲ್ಕು ಬೆರಳಿನ ಅಗಲ 8 ಮಿ.ಮೀ. ಇರಬೇಕಿತ್ತು. ಅಳೆದರೆ 11 ಮಿ.ಮೀ.! ಬೆರಳುಗಳು ಬಾಳೆಕಾಯಿಯಂತೆ ಕಾಣುತ್ತಿದ್ದುದನ್ನು ನಾನು ಮೊದಲು ಗಮನಿಸಿಯೇ ಇರಲಿಲ್ಲ. ಮೀನಿನ ಉದ್ದ 80 ಮಿ.ಮೀ. ಮುಖದ ಅಳತೆಯಿಂದ ಲೆಕ್ಕ ಹಾಕಿದರೆ ಮೀನು 80 ಸೆಂ.ಮೀ., ಬೆರಳಿನ ಅಳತೆಯಿಂದ ಹಾಕಿದರೆ 58 ಸೆಂ.ಮೀ. ಮಾತ್ರ. ಎರಡನೆಯದೇ ನಿಜಕ್ಕೆ ಹತ್ತಿರ. ಅಷ್ಟು ಉದ್ದದ ಕಾಟ್ಲಾ ಚೆನ್ನಾಗಿ ಮೈತುಂಬಿದ್ದರೂ 12 ಕಿಲೋ ತೂಗಲಾರದು.

ಬೆರಳುಗಳೇ ಕಾಣದಂತೆ ಕೈಗಳನ್ನು ಮೀನಿನ ಹಿಂದೆ ಅಡಗಿಸಿದ್ದರೆ ಅದನ್ನೂ ಒಂದು ಗುರುತಾಗಿ ಇಟ್ಟುಕೊಳ್ಳಿ.

2. ಭಾರ ಮೈಯಲ್ಲಿ ಕಾಣಬೇಕು: ಈಗಿನ ಯೂರಿಯ ಚೀಲ 45 ಕಿಲೋ. ಅದರಲ್ಲಿ ಕಾಲು ಭಾಗವನ್ನು ಒಂದು ಚೀಲಕ್ಕೆ ಹಾಕಿಕೊಂಡು ಎರಡೂ ತೋಳುಗಳನ್ನು ನೆಟ್ಟಗೆ ಮುಂದೆ ಚಾಚಿ ನಿಂತು ನೋಡಿ. ಹತ್ತು ಎಣಿಸುವಷ್ಟರಲ್ಲಿ ತೋಳು ನಡುಗುತ್ತದೆ. ನಿಜವಾಗಿ ಭಾರವಾದ ಮೀನನ್ನು ಹಿಡಿದವನು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಿರುತ್ತಾನೆ, ಸೊಂಟ ಹಿಂದಕ್ಕೆ ಬಾಗಿರುತ್ತದೆ, ಇಲ್ಲವೇ ಮೀನನ್ನು ಮಂಡಿಯ ಮೇಲೆ ಇಟ್ಟುಕೊಂಡಿರುತ್ತಾನೆ. ತೋಳು ಚಾಚಿ ಹಲ್ಲು ಕಿರಿಯುವವನ ಕೈಯಲ್ಲಿ 20 ಕಿಲೋ ಮೀನಿರುವುದು ಸಾಧ್ಯವಿಲ್ಲ. ದಿನವೂ ಹೊರೆ ಹೊರುವ ತಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

3. ಉದ್ದ, ಸುತ್ತಳತೆಗಳ ಲೆಕ್ಕ: ಗಾಳ ಹಾಕುವವರು ಬಹುಕಾಲದಿಂದ ಬಳಸುವ ಒಂದು ಸೂತ್ರವಿದೆ. ಮೀನಿನ ಉದ್ದವನ್ನು ಸುತ್ತಳತೆಯಿಂದ ಎರಡು ಸಲ ಗುಣಿಸಿ 800ರಿಂದ ಭಾಗಿಸಬೇಕು. ಅಳತೆಗಳು ಅಂಗುಲದಲ್ಲಿದ್ದರೆ ಉತ್ತರ ಪೌಂಡಿನಲ್ಲಿ ಬರುತ್ತದೆ. ಸೆಂಟಿಮೀಟರ್, ಕಿಲೋ ಲೆಕ್ಕಕ್ಕೆ 800ರ ಬದಲು 29,000 ಹಾಕಬೇಕು. ಉದಾಹರಣೆಗೆ ಉದ್ದ 60, ಸುತ್ತಳತೆ 45 ಸೆಂ.ಮೀ. ಇದ್ದರೆ ಮೀನು ಸುಮಾರು 4.2 ಕಿಲೋ. ಇದು ಅಂದಾಜು ಮಾತ್ರ. ಮೀನಿನ ಆಕಾರಕ್ಕೆ ತಕ್ಕಂತೆ ವ್ಯತ್ಯಾಸ ಬರುತ್ತದೆ. ಆದರೆ ನಾಲ್ಕನ್ನು ಹನ್ನೆರಡು ಎನ್ನುವವನನ್ನು ಹಿಡಿಯಲು ಈ ಅಂದಾಜು ಸಾಕು. ಮಾರುವವನನ್ನು ಉದ್ದ ಮತ್ತು ಸುತ್ತಳತೆ ಕೇಳಿ. ಅಳೆದವನು ಕೂಡಲೇ ಹೇಳುತ್ತಾನೆ.

4. ಮೀನಿನ ಜಾತಿಯನ್ನು ಗುರುತಿಸಿ: ಕಾಟ್ಲಾಕ್ಕೆ ತಲೆ ದೊಡ್ಡದು, ಬಾಯಿ ಮೇಲ್ಮುಖ, ಮೀಸೆ ಇರುವುದಿಲ್ಲ. ನಮ್ಮ ಕಾವೇರಿಯ ಬಿಳಿಮೀನು, ಅಂದರೆ ಮಾಹಸೀರ್, ದಪ್ಪ ತುಟಿಯದು. ಅದಕ್ಕೆ ಎರಡು ಜೊತೆ ಮೀಸೆ, ದೊಡ್ಡ ದೊಡ್ಡ ಹುರುಪೆ. ಹುರುಪೆಯೇ ಇಲ್ಲದೆ ನಾಲ್ಕು ಜೊತೆ ಉದ್ದ ಮೀಸೆಗಳಿದ್ದು, ಬೆನ್ನುದ್ದಕ್ಕೂ ಒಂದೇ ರೆಕ್ಕೆ ಇದ್ದರೆ ಆಫ್ರಿಕನ್ ಕ್ಯಾಟ್‌ಫಿಶ್ ಇರಬಹುದೆಂದು ಸಂಶಯಪಡಿ. ಅದರ ಸಾಕಣೆಯನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ದಕ್ಷಿಣ ಅಮೆರಿಕದ ಅರಪೈಮಾ ಎಂಬ ದೈತ್ಯ ಮೀನು ಆಳುದ್ದಕ್ಕೂ ಮೀರಿ ಬೆಳೆಯುತ್ತದೆ. ಅದರ ಚಿತ್ರ ತೋರಿಸಿ ಕೆರೆ ಮೀನಿನ ಮರಿ ಮಾರಲು ಬಂದರೆ ಒಪ್ಪಬೇಡಿ. ಜಾತಿ ತಿಳಿಯದಿದ್ದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಗೆ ಚಿತ್ರ ತೋರಿಸಿರಿ.

5. ನೆರಳು, ಅಂಚು, ಅಂಗಾಂಗ: ಮನುಷ್ಯನ ಮೂಗಿನ ನೆರಳು ಎಡಕ್ಕೆ ಬಿದ್ದಿದ್ದರೆ ಮೀನಿನ ನೆರಳೂ ಎಡಕ್ಕೇ ಬೀಳಬೇಕು. ಬೆರಳು ಮೀನನ್ನು ಮುಟ್ಟುವ ಕಡೆ ಮೀನಿನ ಮೈ ಸ್ವಲ್ಪ ಅದುಮಿರಬೇಕು, ನೀರು ಜಿನುಗಿರಬೇಕು. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಲ್ಲದ ಮೀನನ್ನೇ ಹುಟ್ಟಿಸಿ ಕೊಡುತ್ತವೆ. ಅಂತಹ ಚಿತ್ರದಲ್ಲಿ ರೆಕ್ಕೆಗಳನ್ನು ಎಣಿಸಿ. ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಬೆನ್ನಿನ ಮೇಲೆ ಒಂದೇ ರೆಕ್ಕೆ. ಕಿವಿರಿನ ಹಿಂದೆ ಒಂದು ಜೊತೆ, ಹೊಟ್ಟೆಯ ಕೆಳಗೆ ಒಂದು ಜೊತೆ, ಗುದದ ಹಿಂದೆ ಒಂದು, ಕೊನೆಗೆ ಬಾಲ. ಹುರುಪೆಯ ಸಾಲುಗಳು ಎಲ್ಲೋ ಕರಗಿ ಹೋಗಿವೆಯೇ, ಮನುಷ್ಯನ ಬೆರಳುಗಳ ಸಂಖ್ಯೆ ಸರಿಯಿದೆಯೇ ನೋಡಿ. ಯಂತ್ರಗಳು ದಿನೇ ದಿನೇ ಸುಧಾರಿಸುತ್ತಿರುವುದರಿಂದ ಈ ಪರೀಕ್ಷೆಯೊಂದನ್ನೇ ನಂಬಿ ಕೂರಬಾರದು.

6. ಚಿತ್ರ ಹಳೆಯದೇ ಎಂದು ಹುಡುಕಿ: ಮನೆಯ ಮಕ್ಕಳಿಗೆ ಹೇಳಿದರೆ ಗೂಗಲ್ ಲೆನ್ಸ್‌ನಲ್ಲಿ ಅದೇ ಚಿತ್ರ ಬೇರೆಲ್ಲಾದರೂ ಇದೆಯೇ ಎಂದು ಹುಡುಕಿ ಕೊಡುತ್ತಾರೆ. ಬೇರೆ ರಾಜ್ಯದ ಜಲಾಶಯದಲ್ಲಿ ಐದು ವರ್ಷದ ಹಿಂದೆ ಹಿಡಿದ ಮೀನು ಈಗ ‘ನಮ್ಮ ಫಾರ್ಮಿನ ಮೀನು’ ಆಗಿರುವುದು ಹಲವು ಸಲ ಬಯಲಾಗುತ್ತದೆ. ಹುಡುಕಿದಾಗ ಸಿಗಲಿಲ್ಲವೆಂದ ಮಾತ್ರಕ್ಕೆ ಚಿತ್ರ ಸತ್ಯವೆಂದು ತಿಳಿಯಬಾರದು.

ದೊಡ್ಡ ಮೀನೆಲ್ಲ ಸುಳ್ಳಲ್ಲ

ಇಷ್ಟು ಕೇಳಿದ ಮೇಲೆ ಯಾವ ದೊಡ್ಡ ಮೀನಿನ ಚಿತ್ರ ಕಂಡರೂ ಸುಳ್ಳೆನ್ನುವ ಅಭ್ಯಾಸ ಬರಬಾರದು. ಅದೂ ತಪ್ಪೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ ಗಾಳಕ್ಕೆ ಹಿಡಿದ ಮಾಹಸೀರ್ 120 ಪೌಂಡು ತೂಗಿತು. ನಮ್ಮ ಲೆಕ್ಕದಲ್ಲಿ 54 ಕಿಲೋ, ಯೂರಿಯ ಚೀಲಕ್ಕಿಂತ ಭಾರ! ಅದು ದಾಖಲೆಯಾಗಿ ಉಳಿದದ್ದು ತೂಕವನ್ನು ಬರೆದಿಟ್ಟಿದ್ದರಿಂದ. 1939ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಗಾಳ ಮೀನುಗಾರಿಕೆ ಸಂಸ್ಥೆಯು ದಾಖಲೆ ಒಪ್ಪಬೇಕಾದರೆ ಮೀನಿನ ಪೂರ್ಣ ಉದ್ದ ಕಾಣುವ ಚಿತ್ರವಷ್ಟೇ ಅಲ್ಲದೆ, ಹಿಡಿದ ಗಾಳದ ಕೋಲಿನ ಚಿತ್ರ, ತೂಗಿದ ತಕ್ಕಡಿಯ ಚಿತ್ರಗಳನ್ನೂ ಕೇಳುತ್ತದೆ. ಬರೀ ಫೋಟೋ ನೋಡಿ ಅವರೂ ಒಪ್ಪುವುದಿಲ್ಲ. ನಾವೇಕೆ ಒಪ್ಪಬೇಕು?

ಕಾವೇರಿಯ ಆ ಡುಬ್ಬದ ಮಾಹಸೀರ್ ಇಂದು ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ಅತ್ಯಂತ ಅಪಾಯಕ್ಕೆ ಸಿಲುಕಿದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಅದರ ನಿಜವಾದ ಹಳೆಯ ಚಿತ್ರಗಳು ನಮ್ಮ ನದಿಗಳಲ್ಲಿ ಒಮ್ಮೆ ಏನಿತ್ತು ಎಂಬುದಕ್ಕೆ ಸಾಕ್ಷಿ. ಸುಳ್ಳು ಚಿತ್ರಗಳು ಹೆಚ್ಚಿದಷ್ಟೂ ಇಂತಹ ನಿಜವಾದ ಸಾಕ್ಷಿಗಳಿಗೂ ಬೆಲೆ ಕಡಿಮೆಯಾಗುತ್ತದೆ.

ಚಿತ್ರ ನಿಜ, ಮಾತು ಸುಳ್ಳು

ಈಗ ನನ್ನ ತಪ್ಪಿಗೆ ಬರುತ್ತೇನೆ. ಭಾವ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಆ ಚಿತ್ರದಲ್ಲಿ ಏನನ್ನೂ ಅಂಟಿಸಿರಲಿಲ್ಲ. ಮೀನೂ ನಿಜವಾದ ಕಾಟ್ಲಾವೇ. ಸುಳ್ಳಿದ್ದದ್ದು ‘12 ಕಿಲೋ’ ಮತ್ತು ‘ಆರು ತಿಂಗಳು’ ಎಂಬ ಎರಡು ಮಾತುಗಳಲ್ಲಿ. ಕಾಟ್ಲಾ ಒಳ್ಳೆಯ ನಿರ್ವಹಣೆಯಲ್ಲಿ ಒಂದು ವರ್ಷಕ್ಕೆ ಸುಮಾರು ಒಂದು ಕಿಲೋ ಬರುತ್ತದೆ. ನೀರು ವಿಶಾಲವಾಗಿದ್ದು ಹಲವು ವರ್ಷ ಬದುಕಿದರೆ ಇಪ್ಪತ್ತು ಮೂವತ್ತು ಕಿಲೋವನ್ನೂ ಮುಟ್ಟಬಲ್ಲದು. ಆದುದರಿಂದ ದೊಡ್ಡ ಕಾಟ್ಲಾದ ಚಿತ್ರ ನಿಜವಿರಬಹುದು. ಆದರೆ ಮೀನಿನ ವಯಸ್ಸು, ಅದು ಬೆಳೆದ ನೀರು, ತಿಂದ ಆಹಾರ ಯಾವುದೂ ಚಿತ್ರದಲ್ಲಿ ಕಾಣುವುದಿಲ್ಲ.

ನನಗೆ ಹೆಚ್ಚು ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಅಡಿಪಟ್ಟಿಯೂ ಬೇಕಿಲ್ಲದ ಒಂದು ಲೆಕ್ಕವನ್ನು ನಾನು ಮಾಡಲಿಲ್ಲ. ಸಾವಿರ ಮರಿಯಲ್ಲಿ ಅರ್ಧ ಉಳಿದು, ತಲಾ 12 ಕಿಲೋ ಬಂದರೆ ಹತ್ತು ಗುಂಟೆಗೆ ಆರು ಟನ್. ಎಕರೆಗೆ 24 ಟನ್! ಯಾರಾದರೂ ಭತ್ತ ಎಕರೆಗೆ 24 ಟನ್ ಬೆಳೆದೆನೆಂದರೆ ನಾನು ನಗುತ್ತಿದ್ದೆ. ಮಿಶ್ರ ಮೀನು ಸಾಕಣೆಯಲ್ಲಿ ಚೆನ್ನಾಗಿ ಆರೈಕೆ ಮಾಡಿದ ಕೊಳದಲ್ಲಿ ವರ್ಷಕ್ಕೆ ಎಕರೆಗೆ ಒಂದೂವರೆಯಿಂದ ಎರಡು ಟನ್ ಬಂದರೆ ಒಳ್ಳೆಯ ಇಳುವರಿ. ಭಾವನಿಗೆ ಬಂದ 250 ಕಿಲೋ ಎಕರೆಗೆ ಒಂದು ಟನ್ ಆಯಿತು. ಮೊದಲ ಸಲ ಸಾಕಿದವರಿಗೆ ಅದು ಕೆಟ್ಟ ಬೆಳೆಯೇನಲ್ಲ. ಇಲಾಖೆಯ ದರದಲ್ಲಿ ಮರಿ ತಂದು, ಮನೆಯ ಸಗಣಿ, ತೌಡು, ಹಿಂಡಿಯಲ್ಲಿ ಸಾಕಿದ್ದರೆ ನಾಲ್ಕು ಕಾಸು ಉಳಿಯುತ್ತಿತ್ತು. ಹೊಂಡವೂ ಮೀನೂ ಸೋಲಲಿಲ್ಲ. ಚಿತ್ರ ಹುಟ್ಟಿಸಿದ ಆಸೆಯ ಮೇಲೆ ಹಾಕಿದ ಬಂಡವಾಳ ಸೋತಿತು.

ಮರಿ ಕೊಳ್ಳುವ ಮೊದಲು ಕೇಳಬೇಕಾದದ್ದು

ಮಾರುವವರನ್ನು ಈ ಕೆಳಗಿನವನ್ನು ಕೇಳಿರಿ.

(ಅ) ಮೀನನ್ನು ಅಡಿಪಟ್ಟಿಯ ಪಕ್ಕದಲ್ಲಿ ನೆಲದ ಮೇಲೆ ಮಲಗಿಸಿ, ನೇರ ಮೇಲಿನಿಂದ ತೆಗೆದ ಚಿತ್ರ.
(ಆ) ತಕ್ಕಡಿಯ ಮೇಲೆ ಮೀನು ಮತ್ತು ಅಂಕಿ ಎರಡೂ ಕಾಣುವ ಚಿತ್ರ.
(ಇ) ಮರಿ ಬಿಟ್ಟ ದಿನಾಂಕ, ಸಂಖ್ಯೆ, ಹೊಂಡದ ವಿಸ್ತೀರ್ಣ, ಹಿಡಿದ ಒಟ್ಟು ತೂಕ. ಒಂದು ಮೀನಿನ ತೂಕ ಲೆಕ್ಕಕ್ಕೆ ಬಾರದು.
(ಈ) ಹಿಂದೆ ಮರಿ ಕೊಂಡ ಇಬ್ಬರು ರೈತರ ಊರು, ಹೆಸರು.
(ಉ) ಬಲೆ ಎಳೆಯುವ ದಿನ ಬಂದು ನೋಡಲು ಅವಕಾಶ.
(ಊ) ಮರಿಗೂ ಆಹಾರಕ್ಕೂ ರಸೀದಿ.

ಇವುಗಳಲ್ಲಿ ಐದನೆಯದು ಮುಖ್ಯ. ಈಗ ಚಿತ್ರವಲ್ಲದೆ ವಿಡಿಯೋವನ್ನೂ ಕೃತಕವಾಗಿ ಮಾಡಬಹುದು. ಬಲೆಯಲ್ಲಿ ಒದ್ದಾಡುವ ನೂರಾರು ಮೀನನ್ನು ಮಾಡಲಾಗದು. ಒಂದು ದಿನದ ಬಸ್ ಖರ್ಚು ಒಂದು ವರ್ಷದ ನಷ್ಟವನ್ನು ತಪ್ಪಿಸುತ್ತದೆ. ಮರಿಗಳಿಗಾಗಿ ಇಲಾಖೆಯ ಮೀನುಮರಿ ಉತ್ಪಾದನಾ ಕೇಂದ್ರಗಳನ್ನು ವಿಚಾರಿಸಿ. ಸಂಶಯ ಬಂದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನೋ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ತಜ್ಞರನ್ನೋ ಕೇಳಿ.

ಇದು ಮೀನಿಗಷ್ಟೇ ಹೇಳಿದ ಮಾತಲ್ಲ. ಆಳೆತ್ತರದ ಬದನೆ ಗಿಡ, ಮಡಿಲು ತುಂಬುವ ಒಂದೇ ಈರುಳ್ಳಿ, ಗೊನೆಯ ಭಾರಕ್ಕೆ ನೆಲ ಮುಟ್ಟಿದ ಬಾಳೆ, ಹೀಗೆ ಬಿತ್ತನೆ ಬೀಜ ಮತ್ತು ಸಸಿಗಳ ಚಿತ್ರಗಳೂ ತಮ್ಮ ಮೊಬೈಲಿಗೆ ಬರುತ್ತವೆ. ಅವನ್ನು ಹಿಡಿದ ಬೆರಳನ್ನು ಅಳೆಯಿರಿ, ಎಕರೆಗೆ ಎಷ್ಟಾಯಿತೆಂದು ಗುಣಿಸಿ ನೋಡಿ.

ಕೊನೆಯದಾಗಿ ಒಂದು ಮಾತು. ನಮ್ಮಂತಹ ಓದಿದವರನ್ನು ಕೇಳುವಾಗ ‘ಫೋಟೋ ನಿಜವೇ?’ ಎಂದು ಮಾತ್ರ ಕೇಳಬೇಡಿ. ‘ಇದನ್ನು ನಂಬಿ ಹಣ ಹಾಕಬಹುದೇ?’ ಎಂದು ಕೇಳಿ. ಆಗ ನಾವೂ ಅರ್ಧ ನಿಮಿಷದಲ್ಲಿ ಉತ್ತರ ಕೊಡಲು ಹೆದರುತ್ತೇವೆ. ಗೊತ್ತಿಲ್ಲವೆಂದು ಯಾರಾದರೂ ಹೇಳಿದರೆ ಅವರನ್ನು ಕಡೆಗಣಿಸಬೇಡಿ. ಆ ಮಾತು ನನ್ನ ಬಾಯಿಂದ ಬಾರದೆ ಹೋದುದರ ಬೆಲೆಯನ್ನು ನಮ್ಮ ಅಕ್ಕ ತೆತ್ತಳು.

ಬಳೆ ಈ ವರ್ಷ ಬಿಡಿಸಿಕೊಂಡು ಬಂದಾಯಿತು. ಭಾವ ಮತ್ತೆ ಹೊಂಡಕ್ಕೆ ಮರಿ ಬಿಟ್ಟಿದ್ದಾರೆ. ಈ ಸಲ ಇಲಾಖೆಯ ಮರಿ, 600 ಮಾತ್ರ. ತಿಂಗಳಿಗೊಮ್ಮೆ ಹತ್ತು ಮೀನು ಹಿಡಿದು ತೂಗಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಾರೆ. ನನಗೆ ಫೋಟೋ ಕಳುಹಿಸುವುದೂ ಉಂಟು. ಅದರಲ್ಲಿ ಮೀನು ನೆಲದ ಮೇಲಿರುತ್ತದೆ, ಪಕ್ಕದಲ್ಲಿ ಮೊಮ್ಮಗನ ಶಾಲೆಯ ಅಡಿಪಟ್ಟಿ ಇರುತ್ತದೆ.